ಸುಣ್ಣದ ಗೆರೆ

ಬ್ರೇಕಿನ ಕೆಲಸ ಮುಗಿದರೆ, ಷೆಡ್ಡಿನ ಮುಂದಿನ ಟಾರು ರಸ್ತೆಗೆ ಸುಣ್ಣದ ಗೆರೆ ಎಳೆದು, ಮಾಲೀಕರ ಕಾಲಿನಿಂದಲೇ ಬ್ರೇಕು ತುಳಿಸಿ, ಗೆರೆ ಮೇಲೆ ನಿಲ್ಲುವುದನ್ನು ನೋಡದೆ ಕಾರು ಬಿಟ್ಟುಕೊಡುವವನಲ್ಲ ದಸ್ತಗೀರ್. ಆದರೂ ಲಾಯರ ಹೆಂಡತಿ ಷೆಡ್ಡಿಗೆ ಬಂದು ನಿಂತಾಗ ಅವನ ಕೈಯಿಂದ ಸ್ಪ್ಯಾನರ್ ಜಾರಿತು. ಲಾಯರು ತೀರಿಕೊಂಡು ಹದಿನಾಲ್ಕು ದಿನವಾಗಿತ್ತು. ಅವರು ಸೇತುವೆಯ ಗೋಡೆಗೆ ಗುದ್ದಿ ಸತ್ತ ಆ ನೀಲಿ ಕಾರಿನ ಬ್ರೇಕನ್ನು ಅದರ ಹಿಂದಿನ ದಿನವಷ್ಟೇ ರಿಪೇರಿ ಮಾಡಿ ಕಳಿಸಿದವನು ಅವನೇ.

"ನಮ್ಮ ಎರಡು ಹಳೇ ಕಾರಲ್ಲಿ ಯಾವುದು ವಾಸಿಯಾಗಿತ್ತು, ದಸ್ತಗೀರ್?" ತರಕಾರಿ ವಿಚಾರಿಸುವ ದನಿಯಲ್ಲಿ ಕೇಳಿದರು.

"ಬಿಳೀದು ಗಟ್ಟಿ ತಗಡಿಂದು ಅಮ್ಮಾ. ಆದ್ರೆ ಮೈಲೇಜು ಹತ್ತು ದಾಟಲ್ಲ, ಅರವತ್ತಕ್ಕೇ ಏದುಸಿರು ಬಿಡುತ್ತೆ. ನೀಲೀದು ಹಗುರ. ಹದಿನಾರು ಕೊಡ್ತಿತ್ತು, ಎಂಬತ್ತರಲ್ಲೂ ನಡುಗ್ತಿರಲಿಲ್ಲ."

"ಬ್ರೇಕು?"

ಬಂತಲ್ಲ ಪ್ರಶ್ನೆ, ಅಂದುಕೊಂಡ. ಹದಿನಾಲ್ಕು ದಿನದಿಂದ ಊರು ಅವನ ಬೆನ್ನ ಹಿಂದೆ ಆಡಿಕೊಳ್ಳುತ್ತಿದ್ದುದೂ ಅದನ್ನೇ.

"ಬಿಳೀದಕ್ಕೆ ಎರಡು ಸಲ ತುಳೀಬೇಕು. ನೀಲೀದು ಕಾಲು ಇಟ್ರೆ ಸಾಕು, ನಿಲ್ತಿತ್ತು. ನಿಮ್ಮಾಣೆಗೂ ಅಮ್ಮಾ, ಸಾಹೇಬ್ರೇ ಓಡಿಸ್ಕೊಂಡು ಬಂದು ತುಳಿದು ನೋಡಿದ್ರು. ಮೂರು ಸಲಾನೂ ಗೆರೆ ಮೇಲೇ ನಿಂತ್ಕೊಳ್ತು. ಟೈರು ಉಜ್ಜಿದ ಕಪ್ಪು ಗುರುತು ಇನ್ನೂ ಅಲ್ಲೇ ಇದೆ, ಬೇಕಾದ್ರೆ ನೋಡಿ."

ಅವರು ಹೋಗಿ ನೋಡಿದರು. ಬಹಳ ಹೊತ್ತು ನೋಡಿದರು. ಮುಖದಲ್ಲಿ ಸಿಟ್ಟೂ ಇರಲಿಲ್ಲ, ಅಳುವೂ ಇರಲಿಲ್ಲ. ದಸ್ತಗೀರನಿಗೆ ಎದೆಯ ಮೇಲಿನ ಭಾರ ಇಳಿದಂತಾಯಿತು.

"ಸೇತುವೆ ಹತ್ರ ರಸ್ತೇಲಿ ಇಂಥ ಗುರುತು ಒಂದೂ ಇರ್ಲಿಲ್ಲ," ಎಂದರು ಅವರು. "ಬ್ರೇಕ್ ಫೇಲಾಗಿತ್ತು ಅಂತ ನೀನು ಹೇಳ್ತೀಯ ಅನ್ನೋ ಆಸೇಲಿ ಬಂದಿದ್ದೆ."