ಹೊಂಗೆಯ ನೆರಳು

ಮರದ ನೆರಳನ್ನು ಮಡಚಿ ಮನೆಗೊಯ್ಯುವುದು ಆ ಸೀಮೆಯಲ್ಲಿ ಎಲ್ಲರ ರೂಢಿ. ಆದರೆ ಒಯ್ದರೆ ಮುಂದಿನ ಚಿಗುರಿನ ತನಕ ಮರಕ್ಕೆ ನೆರಳು ಮೂಡದು. ಅದಕ್ಕೇ ಊರಾಚೆಯ ದೇವರ ತೋಪಿನಲ್ಲಿ ಕೇಳದೆ ಯಾರೂ ಮುಟ್ಟುತ್ತಿರಲಿಲ್ಲ. ಬಾಳವ್ವ ಮುಟ್ಟಿದ್ದಳು. ಮಗಳ ಬಾಣಂತನ, ಕಾದ ತಗಡಿನ ಮನೆ, ನಿಲ್ಲದೆ ಅಳುವ ಕೂಸು. ಹೊಂಗೆಯ ನೆರಳನ್ನು ಸೆರಗಲ್ಲಿ ಸುತ್ತಿ ಒಯ್ದು ತೊಟ್ಟಿಲಿಗೆ ಹೊದಿಸಿದ್ದಳು.

ಇಂದು ತೋಪಿನ ದೇವರ ದೀಪಕ್ಕೆ ಎಣ್ಣೆ ತಂದವಳು ನಡೆಯುತ್ತಿದ್ದಲ್ಲೇ ನಿಂತಳು. ತೋಪು ಕಾಯುವ ಮುದುಕಿ ಫಕೀರವ್ವ ಅದೇ ಹೊಂಗೆಯ ಬುಡದಲ್ಲಿ, ತುಂಬಿದ ಎಲೆಗಳ ಕೆಳಗೆ, ಸುಡುಬಿಸಿಲಲ್ಲಿ ಕುಳಿತಿದ್ದಳು.

“ಆಯಿ, ಬ್ಯಾರೆ ಗಿಡದ ಕೆಳಗ ಕುಂದ್ರಬಾರದೇನ?”

“ಹ್ವಾದ್ರ ಇದು ಸಿಟ್ಟಾಕ್ಕೈತಿ! ಯಾರ ಮನ್ಯಾಗ ಏನ ತ್ರಾಸಿತ್ತೋ, ನೆರಳ ಒಯ್ದಾರ. ದ್ಯಾವ್ರು ಅವರನ್ನ ತಣ್ಣಗಿಟ್ಟಿರಲಿ.”

ಬಾಳವ್ವ ಎಣ್ಣೆಯನ್ನು ಅಲ್ಲೇ ಇಟ್ಟು ಮನೆಗೆ ಓಡಿದಳು. ನೆರಳು ತಂದು ಮುದುಕಿಯ ಮುಂದೆ ಹಾಸಿದಳು. “ನಾನ ಒಯ್ದಿದ್ದೆ, ಆಯಿ.”

ಫಕೀರವ್ವ ನೆರಳನ್ನು ಮೂಸಿದಳು. “ಹಾಲಿನ ವಾಸನಿ! ಹೆಣ್ಣೋ ಗಂಡೋ?”

“ಹೆಣ್ಣು.”

ಮುದುಕಿ ನೆರಳನ್ನು ನಡುವೆ ಹರಿದು, ದೊಡ್ಡ ತುಂಡನ್ನು ಬಾಳವ್ವನ ಸೆರಗಿಗೆ ಹಾಕಿದಳು. “ಹೋಗು, ಕೂಸು ಎದ್ದೀತು.”

ತೋಪಿನ ಅಂಚಲ್ಲಿ ಬಾಳವ್ವ ತಿರುಗಿ ನೋಡಿದಳು. ಮುದುಕಿ ಉಳಿದ ತುಂಡನ್ನು ತಲೆಗೆಳೆದುಕೊಂಡಿದ್ದಳು. ಕಾಲೆರಡೂ ಬಿಸಿಲಲ್ಲೇ ಇದ್ದವು.