ಬೀಗ ಹಾಕಿದ ಪುಟ

ಆ ಬೆಳಿಗ್ಗೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ ಎದುರು ಮನೆಯ ಗೋಡೆಯೂ ಕಾಣುತ್ತಿರಲಿಲ್ಲ. ಮೈದುನ ಹಿಂಬಾಗಿಲ ಅಗುಳಿ ಮುರಿದು ಒಳಗೆ ಬಂದದ್ದನ್ನು ಯಾರೂ ನೋಡಲಿಲ್ಲ. ದೇವರೊಬ್ಬ ನೋಡಿರಬೇಕು, ಅವನಿಗೆ ಮಂಜು ಅಡ್ಡ ಬರುವುದಿಲ್ಲ.

ಕೈಯಲ್ಲಿ ಸುತ್ತಿಗೆಯಿತ್ತು. ಅತ್ತಿಗೆಯ ಜಡೆ ಹಿಡಿದು ಎಳೆತಂದು ಕಂಪ್ಯೂಟರಿನ ಮುಂದೆ ಕೂರಿಸಿದ. ಅವಳ ಹಣೆ ಮೇಜಿನ ಅಂಚಿಗೆ ಬಡಿದು ರಕ್ತ ಹುಬ್ಬಿಗಿಳಿಯಿತು.

“ಪಾಸ್‌ವರ್ಡ್ ಹೇಳಿ, ಅತ್ತಿಗೆ.”

ಜಡೆ ಹಿಡಿದೆಳೆಯುವಾಗಲೂ ಬಹುವಚನ ಬಿಟ್ಟಿರಲಿಲ್ಲ.

ಅವಳ ಗಂಡ ಬಡಗಿ. ತಾನು ಮಾಡಿದ ಕುರ್ಚಿ, ತೊಟ್ಟಿಲುಗಳ ಚಿತ್ರ ತೋರಿಸಲು ಒಂದು ವೆಬ್‌ಸೈಟ್ ಮಾಡಿಸಿಕೊಂಡಿದ್ದ. ವರ್ಷದ ಹಿಂದೆ, ಅಣ್ಣತಮ್ಮಂದಿರ ಮರದ ಮಿಲ್ಲಿನಲ್ಲೇ, ಗರಗಸಕ್ಕೆ ಸಿಕ್ಕಿ ಸತ್ತ. ಮರ ಕೊಳ್ಳಲು ಹೋಗಿದ್ದೆ, ಬಂದು ನೋಡುವಾಗ ಅಣ್ಣನ ಮೈ ತಣ್ಣಗಾಗಿತ್ತು ಎಂದು ತಮ್ಮ ಎದೆ ಬಡಿದುಕೊಂಡು ಅತ್ತಿದ್ದ. ಎಲ್ಲರೂ ನಂಬಿದ್ದರು.

ಹೋದ ವಾರ ಆ ವೆಬ್‌ಸೈಟಿನಲ್ಲಿ ಹೊಸ ಪುಟವೊಂದು ಕಾಣಿಸಿತು. ತಲೆಬರಹ: ‘ಮಿಲ್ಲಿನಲ್ಲಿ ಆ ದಿನ’. ಕೆಳಗೆ ಪಾಸ್‌ವರ್ಡ್ ಕೇಳುವ ಖಾಲಿ ಚೌಕ. ಅದರಡಿ ಒಂದು ಸಾಲು: ಭಾನುವಾರದಿಂದ ಎಲ್ಲರೂ ನೋಡಬಹುದು.

ಇವತ್ತು ಶನಿವಾರ.

ಮಿಲ್ಲಿನ ಮೂಲೆಯ ಕ್ಯಾಮೆರಾವನ್ನು ಅವನು ಅಂದೇ ಒಡೆದುಹಾಕಿದ್ದ. ಆದರೆ ಚಿತ್ರ ಬೇರೆಲ್ಲೋ ಉಳಿದಿದ್ದರೆ? ಗೊತ್ತಿದ್ದ ಹೆಸರು, ತಾರೀಖುಗಳನ್ನೆಲ್ಲ ಒತ್ತಿ ನೋಡಿದ. ಪುಟ ಜಪ್ಪಯ್ಯ ಅಂದರೂ ತೆರೆಯಲಿಲ್ಲ. ನಿನ್ನೆ, ವೆಬ್‌ಸೈಟ್ ನೋಡಿಕೊಳ್ಳುವವನ ಅಂಗಡಿಗೆ ನುಗ್ಗಿ ಆತನ ಬೆರಳೊಂದನ್ನು ಮುರಿದ. ಪಾಸ್‌ವರ್ಡ್ ನಿಮ್ಮ ಅತ್ತಿಗೆಗೂ ಗೊತ್ತಿಲ್ಲ ಎಂದು ಆತ ನರಳಿದ. ಹಸಿ ಸುಳ್ಳು ಎಂದುಕೊಂಡು ಇನ್ನೊಂದನ್ನೂ ಮುರಿದ.

ಈಗ ಅತ್ತಿಗೆಯ ಬಲಗೈಯನ್ನು ಮೇಜಿನ ಮೇಲೆ ಒತ್ತಿ ಹಿಡಿದು ಸುತ್ತಿಗೆ ಬೀಸಿದ. ಕಿರುಬೆರಳು ಜಜ್ಜಿಹೋಯಿತು. ಅವಳು ಕೂಗಲಿಲ್ಲ. ಉಸಿರು ಎಳೆದುಕೊಂಡು ಹೇಳಿದಳು:

“ನಿಮ್ಮಣ್ಣ ಕೊನೇದಾಗಿ ಆಡಿದ ಮಾತು. ಅದೇ ಪಾಸ್‌ವರ್ಡ್.”

ಅವನು ಅವಳ ಕೈ ಬಿಟ್ಟು ಕೀಲಿಮಣೆ ಎಳೆದುಕೊಂಡ. ಹಾಗಾದರೆ ಚಿತ್ರವಷ್ಟೇ ಅಲ್ಲ, ದನಿಯೂ ಇವಳ ಬಳಿ ಇದೆ. ಒಂದೊಂದೇ ಅಕ್ಷರ ಹುಡುಕಿ ಒತ್ತಿದ. ತೆರೆಯಲಿಲ್ಲ. ಮತ್ತೆ ಒತ್ತಿದ. ತೆರೆಯಲಿಲ್ಲ.

“ಆಟ ಆಡ್ತಿದೀರಾ? ಅವನು ಅಂದಿದ್ದು ಇದನ್ನೇ. ನಾನು ಪಕ್ಕದಲ್ಲೇ ಇದ್ದೆ.”

ಮಾತು ಬಾಯಿ ದಾಟಿಯಾಗಿತ್ತು.

“ನೀನು ಅಲ್ಲಿದ್ದೆ ಅಂತ ನನ್ನ ಮನಸ್ಸು ಅವತ್ತೇ ಹೇಳಿತ್ತಪ್ಪ,” ಎಂದಳು. “ಆ ಪುಟದಲ್ಲಿ ಏನೂ ಇಲ್ಲ. ಯಾವ ಮಾತು ಹಾಕಿದ್ರೂ ಅದು ತೆರೆಯೋದಿಲ್ಲ. ಅವರು ಹೋಗುವಾಗ ಏನಂದ್ರು, ಅದೊಂದು ನಂಗೆ ಸೇರಬೇಕಾದ್ದು. ವರ್ಷದಿಂದ ನಿನ್ನ ಹತ್ರಾನೇ ಉಳ್ಕೊಂಡಿದೆ. ಕೊಟ್ಟುಬಿಡು. ಆಮೇಲೆ ಸುತ್ತಿಗೆ ಎಲ್ಲಿಗೆ ಬೇಕೋ ಹೊಡಿ.”

ಅವನು ಸುತ್ತಿಗೆ ಎತ್ತಿದ. ಎತ್ತಿದ ಕೈ ಹಾಗೇ ಇಳಿಯಿತು. ಅವನು ಅವಳ ಕಾಲ ಬಳಿ ಕುಸಿದು ಕೂತು, ಅಣ್ಣನ ಮಾತನ್ನು ಮೆಲ್ಲಗೆ ಒಪ್ಪಿಸಿದ:

“‘ನೀನು ತಳ್ಳಿದೆ ಅಂತ ಅತ್ತಿಗೆ ಹತ್ರ ಬಾಯಿಬಿಡಬೇಡ ಕಣೋ. ಕಾಲು ಜಾರ್ತು ಅನ್ನು. ನಾನು ಹೋದ್ಮೇಲೆ ಅವಳಿಗೆ ಅಂತ ಇರೋದು ನೀನೊಬ್ಬನೇ.’”