ಅರ್ಧ ದಾರಿಗೆ ಬಂದ ನೀರು

ತಾನಿ ನೀರಿನ ಕ್ಯಾನಿನ ಮುಚ್ಚಳ ತಿರುಗಿಸಿದ್ದೇ ತಡ, ಯೆಂಪಾಬು ಅವಳ ಕೈ ಹಿಡಿದುಕೊಂಡಳು. "ಅವ್ವ, ಆ ನೀರು ಬೇಡ."

ನಾಲ್ಕು ವರ್ಷದ ಮೇಲೆ ಕಂಡ ಮಗಳ ಬಾಯಿಂದ ಬಂದ ಮೊದಲ ಮಾತು ಅದು. ಹೊಸಿಲ ಪಕ್ಕದ ಮಡಕೆಯಿಂದ ತುಂಬಿಕೊಂಡ ಆ ನೀರನ್ನು ತಾನಿ ಮಡಿಲಲ್ಲಿಟ್ಟುಕೊಂಡು, ವ್ಯಾನಿನಲ್ಲಿ ಕುಲುಕಾಡುತ್ತ ಕಾರಾ ಪಟ್ಟಣದವರೆಗೆ ತಂದಿದ್ದಳು. ಮಗಳು ಊರಿಗೇ ಬರುವಂತಿರಲಿಲ್ಲ. ಟೋಗೋಗೆ ಹೋಗುವವರಿಗೆಂದು ಫ್ರಾನ್ಸಿನ ಸರ್ಕಾರ ಹಾಕಿದ ಅಪಾಯದ ನಕ್ಷೆಯಲ್ಲಿ ಕಾರಾ ಹಳದಿ, ಉತ್ತರಕ್ಕಿರುವ ಅವರ ಊರು ಕೆಂಪು. ಕೆಂಪಿಗೆ ಕಾಲಿಟ್ಟರೆ ವಿಮೆ ಇಲ್ಲ. ಹಳದಿ ದಾಟುವುದಿಲ್ಲವೆಂದು ಫ್ರಾನ್ಸಿನ ಲಿಯಾನಿನಲ್ಲಿ ಗಂಡನಿಗೆ ಮಾತು ಕೊಟ್ಟೇ ಅವಳು ವಿಮಾನ ಹತ್ತಿದ್ದಳು.

"ಕೆಂಪಂತೆ!" ಎಂದಳು ಓಡಿಲ್. ತಾನಿಯ ಸವತಿ ಅವಳು. ಅಕ್ಕನನ್ನು ಒಬ್ಬಳೇ ಕಳಿಸಲಾರದೆ ಜೊತೆಗೆ ಬಂದವಳು. "ನಾನು ಮದುವೆಯಾಗಿ ಬಂದಾಗ್ಲೇ ನಮ್ಮೂರ ಮಣ್ಣು ಕೆಂಪಿತ್ತು ಕಣೇ. ನಿಮ್ಮ ಫ್ರಾನ್ಸಿನೋರಿಗೆ ಈಗ ಕಾಣಿಸ್ತಾ?"

"ಗುಂಡು ಹಾರಿದ್ದು ಸುಳ್ಳಾ ಚಿಕ್ಕವ್ವ?"

"ಹಾರಿದ್ದೂ ನಿಜ, ಆ ವಾರ ಸಂತೆ ಸೇರಿದ್ದೂ ನಿಜ. ಸಂತೆ ವಿಷ್ಯ ಯಾರು ಬರೀತಾರೆ?"

ತಾನಿಗೆ ನಗು ಬರಲಿಲ್ಲ. ವಸತಿಗೃಹದ ಅಂಗಳದ ಮಾವಿನ ಮರದಡಿ ಸಜ್ಜೆ ಹಿಟ್ಟಿನ ಗಂಟು ಬಿಚ್ಚಿ, ಸೋರೆಬುರುಡೆಯನ್ನು ಮುಂದಿಟ್ಟುಕೊಂಡು ಕೂತಳು. ದೂರದಿಂದ ಬಂದವರಿಗೆ ಮೊದಲು ಹಿಟ್ಟು ಕಲಸಿದ ನೀರು ಕೊಡಬೇಕು. ಕುಡಿದ ಮೇಲೆ "ಮನೆಗೆ ಬಂದ್ಯಾ?" ಎಂದು ಹಿರಿಯರು ಕೇಳಬೇಕು, "ಬಂದೆ" ಎಂದು ಅವರು ಹೇಳಬೇಕು. ಅಲ್ಲಿಯವರೆಗೆ ತಮಾಷೆ ಎಷ್ಟಾದರೂ ಮಾಡಬಹುದು, ಕಷ್ಟಸುಖ ಮಾತ್ರ ಕೇಳುವಂತಿಲ್ಲ, ಹೇಳುವಂತೆಯೂ ಇಲ್ಲ.

ಯಾಕೆ ಹೀಗೆ ಸೊರಗಿದ್ದೀ, ಅವನು ಚೆನ್ನಾಗಿ ನೋಡಿಕೊಳ್ಳುತ್ತಾನಾ, ಹೋದ ವರ್ಷ ಬಸಿರು ನಿಲ್ಲದೆ ಹೋದಾಗ ನಿನ್ನ ಪಕ್ಕದಲ್ಲಿ ಯಾರಿದ್ದರು? ಎಲ್ಲವೂ ತಾನಿಯ ತುದಿನಾಲಿಗೆಯಲ್ಲೇ ಇದ್ದವು. ಮಗಳು ಕೈಗೆಟಕುವಷ್ಟು ಹತ್ತಿರ ಕೂತಿದ್ದರೂ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

"ಇದೇ ನೀರು ಕುಡಿದು ಇಷ್ಟೆತ್ತರ ಬೆಳೆದವಳು ನೀನು," ಎಂದಳು.

"ಗೊತ್ತವ್ವ. ಸೀಲು ಒಡೀದಿರೋ ಬಾಟಲಿ ಬಿಟ್ಟು ಬೇರೆ ನೀರು ಮುಟ್ಟಬೇಡ ಅಂದಿದ್ದಾರೆ ಡಾಕ್ಟರು. ಈ ಕಡೆ ಬರೋರಿಗೆಲ್ಲ ಹೇಳ್ತಾರೆ. ನನಗೆ ಇನ್ನೂ ಒತ್ತಿ ಹೇಳಿದ್ರು."

"ನಿನಗ್ಯಾಕೆ ಒತ್ತಿ ಹೇಳ್ಬೇಕು?" ಎಂದಳು ಓಡಿಲ್. "ನೀನೇನು ಗಾಜಿನ ಗೊಂಬೆನಾ?"

ಹಿಟ್ಟಿನ ನೀರು ಕುಡಿಯದೆ ಯೆಂಪಾಬು ಹೇಗೆ ಹೇಳಿಯಾಳು? ಅವಳ ಅಂಗೈ ಮಾತ್ರ ತಾನಾಗಿಯೇ ಹೊಟ್ಟೆಯ ಮೇಲೆ ಹೋಗಿ ಕೂತಿತು.

ತಾನಿ ಆ ಕೈಯನ್ನೇ ನೋಡಿದಳು. ಐದು ಹೆತ್ತವಳಿಗೆ ಅಷ್ಟು ಸಾಕು. ಕ್ಯಾನಿಗೆ ಮುಚ್ಚಳ ಹಾಕಿದಳು. ಮಗಳ ಪಕ್ಕದಲ್ಲಿದ್ದ ಬಾಟಲಿಯ ಸೀಲು ಒಡೆದು, ಅದೇ ನೀರಲ್ಲಿ ಬುರುಡೆ ತೊಳೆದು, ಉಳಿದದ್ದನ್ನು ಸುರಿದು ಹಿಟ್ಟು ಕಲಸಿದಳು.

"ಹುರಿದು ಬೀಸಿದ ಹಿಟ್ಟು, ಶುಂಠಿ ಹಾಕಿದೀನಿ. ಇದಕ್ಕಾದ್ರೂ ನಿನ್ನ ಡಾಕ್ಟರು ಒಪ್ತಾರಾ?"

ಯೆಂಪಾಬು ಬುರುಡೆಯನ್ನು ಎರಡೂ ಕೈಯಲ್ಲಿ ಹಿಡಿದು, ಅಳುತ್ತಲೇ ಕುಡಿದಳು. ತಳದಲ್ಲಿ ಉಳಿದ ಹಿಟ್ಟನ್ನು ಚಿಕ್ಕಂದಿನ ಹಾಗೇ ಬೆರಳಲ್ಲಿ ಬಳಿದು ನೆಕ್ಕಿದಳು.

ಈಗ ಕೇಳಬಹುದಿತ್ತು. ತಾನಿ ನೆಟ್ಟಗೆ ಕೂತು ಕೇಳಿದಳು: "ಮನೆಗೆ ಬಂದ್ಯಾ ಮಗಳೇ?"

"ಬಂದೆ" ಅನ್ನುವುದೊಂದೇ ಬಾಕಿ. ಯೆಂಪಾಬು ಗೇಟಿನಾಚೆ ಉತ್ತರಕ್ಕೆ ಹೋಗುವ ರಸ್ತೆಯತ್ತ ನೋಡಿದಳು.

"ದಾರೀಲಿದ್ದೀನಿ ಕಣವ್ವ."

"ಬಂದೆ" ಎನ್ನದವಳ ಕಷ್ಟಸುಖವನ್ನು ತಾನಿ ಕೇಳುವಂತಿರಲಿಲ್ಲ. ಮಗಳ ತಲೆಯನ್ನು ಭುಜಕ್ಕೊರಗಿಸಿಕೊಂಡು ನೇವರಿಸುತ್ತ ಕೂತಳು. ವ್ಯಾನಿಗೆ ಹೊತ್ತಾದಾಗ ಓಡಿಲ್ ಎದ್ದು ಕ್ಯಾನಿಗೆ ಕೈ ಹಾಕಿದಳು. "ಇದನ್ನ ಮರದ ಬುಡಕ್ಕೆ ಸುರೀಲಾ ಅಕ್ಕ? ವಾಪಸ್ಸು ಯಾಕೆ ಹೊರೋದು?"

ತಾನಿ ಅವಳ ಕೈಯಿಂದ ಕ್ಯಾನನ್ನು ಕಿತ್ತುಕೊಂಡಳು.

"ಬೇಡ. ಮಡಕೆಗೇ ಹಾಕ್ತೀನಿ. ಬರೋರು ಇಬ್ರು."